ಸಹಾಯ ಬೇಕು: ಹಳೇ ರೂಟ್ 66ರಲ್ಲಿ ಓಟ್‌ಮನ್‌ವರೆಗೆ

ಅರಿಜೋನಾ ಕಡೆ ಇರೋ ಕನ್ನಡಿಗರೇ, ಸ್ವಲ್ಪ ಸಲಹೆ ಬೇಕಿತ್ತು. ಊರಿಂದ ಬಂದಿರೋ ಅಪ್ಪ-ಅಮ್ಮನ್ನ ಕರ್ಕೊಂಡು ಸೆಲಿಗ್ಮನ್‌ನಿಂದ ಕಿಂಗ್‌ಮನ್ ದಾಟಿ ಓಟ್‌ಮನ್‌ಗೆ ಹಳೇ ಹೆದ್ದಾರಿ ರೂಟ್ 66ರಲ್ಲೇ ಹೋಗೋ ಆಸೆ. ಈಗಿನ ದೊಡ್ಡ ಹೆದ್ದಾರಿ ಐ-40 ಹಿಡಿದ್ರೆ ಬೇಗ ಮುಟ್ಟಬಹುದು, ಆದ್ರೆ ಅದರಲ್ಲಿ ನೋಡೋಕೇನಿದೆ? 1985ರಲ್ಲಿ ಹೆದ್ದಾರಿ ಪಟ್ಟಿಯಿಂದಲೇ ತೆಗೆದುಹಾಕಿದ ಈ ರೂಟ್ 66ನ ಸೆಲಿಗ್ಮನ್ ಜನ ಪಟ್ಟು ಹಿಡಿದು ಉಳಿಸಿಕೊಂಡಿದ್ದಾರೆ. ದಾರಿಯಲ್ಲಿ ಸಿಗೋ ಹ್ಯಾಕ್‌ಬೆರಿ ಊರಿನ ಅಂಗಡಿ ಮುಂದಿನ ಹಳೇ ಪೆಟ್ರೋಲ್ ಪಂಪುಗಳನ್ನ ಅಪ್ಪ ನೋಡಲೇಬೇಕಂತೆ.

ಭಯ ಇರೋದು ಓಟ್‌ಮನ್‌ಗೆ ಮುಂಚೆ ಬರೋ ಸಿಟ್‌ಗ್ರೀವ್ಸ್ ಪಾಸ್ ಘಾಟಿಯ ತಿರುವುಗಳದ್ದು. ಕಿರಿದಾದ ರಸ್ತೆ, ಎಷ್ಟೋ ಕಡೆ ತಡೆಗೋಡೆನೇ ಇಲ್ಲ. 40 ಅಡಿ ಮೀರಿದ ವಾಹನ ಬಿಡಲ್ಲ; ನಮ್ಮದು ಬಾಡಿಗೆ ಮಿನಿವ್ಯಾನ್, ಆ ಚಿಂತೆ ಇಲ್ಲ. ಆದ್ರೆ ಅಮ್ಮನಿಗೆ ಘಾಟಿ ಅಂದ್ರೆ ತಲೆಸುತ್ತು. ಯಾವ ಕಡೆಯಿಂದ ಹತ್ತಿದ್ರೆ ವಾಸಿ? ಓಟ್‌ಮನ್ ಬೀದಿಯ ಕತ್ತೆಗಳು ಕಾರಿನ ಕಿಟಕಿಗೇ ಮೂತಿ ಹಾಕ್ತವಂತೆ, ಹೌದಾ? ಕಿಂಗ್‌ಮನ್‌ನಲ್ಲಿ ಸಸ್ಯಾಹಾರಿ ಊಟ ಸಿಗುತ್ತಾ, ಇಲ್ಲಾ ಪುಳಿಯೋಗರೆ ಕಟ್ಕೊಂಡೇ ಹೊರಡೋದಾ?