ಬಂಗಲೆಯ ಆಯಾಳ ಕಥೆಯನ್ನು ಆ ಮನೆಯ ಮೊಮ್ಮಗಳು ಬರೆಯಬಹುದೇ?

ಸಕಲೇಶಪುರದ ಓದುಗಿ:

ಹಾಸನದ ನಮ್ಮ ಓದುಗರ ಕೂಟದಲ್ಲಿ ಈಗ ಅಮೆರಿಕದ ದಕ್ಷಿಣ ರಾಜ್ಯಗಳ ವರ್ಣಭೇದದ ಕಾಲದ ಕಾದಂಬರಿಗಳನ್ನು ಓದುತ್ತಿದ್ದೇವೆ. 1960ರ ಆಸುಪಾಸಿನ ಮಿಸಿಸಿಪ್ಪಿ, ಬಿಳಿಯರ ಮನೆ, ಅಲ್ಲಿ ಅಡುಗೆ ಮಾಡಿ ಅವರ ಮಕ್ಕಳನ್ನು ಸಾಕುವ ಕಪ್ಪು ಹೆಂಗಸು. ಓದಿದವರೆಲ್ಲ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಕಸಿವಿಸಿ ಹೋಗಲಿಲ್ಲ. ಕೆಲಸದವಳ ಕಷ್ಟ ಪುಟ ಪುಟಗಳಲ್ಲಿ ಬರುತ್ತದೆ. ಆದರೆ ಕಥೆಯಲ್ಲಿ ಬೆಳೆಯುವವಳು, ಬದಲಾಗುವವಳು ಹೆಚ್ಚಾಗಿ ಯಜಮಾನಿಯ ಮನೆಯ ಹುಡುಗಿ.

ನನಗೂ ಅಂಥದೊಂದು ಕಾದಂಬರಿ ಬರೆಯುವ ಆಸೆ. ನಮ್ಮ ಅಜ್ಜನದು ಕಾಫಿ ತೋಟ. ನನ್ನ ಅಮ್ಮನನ್ನು ಎತ್ತಿ ಆಡಿಸಿದ ಆಯಾ ಲೈನು ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ, ಬರುತ್ತಿದ್ದರು. ಅಮ್ಮನಿಗೆ ಜ್ವರ ಬಂದರೆ ರಾತ್ರಿಯಿಡೀ ಹಾಸಿಗೆಯ ಪಕ್ಕದಲ್ಲೇ ಕುಳಿತಿರುತ್ತಿದ್ದರಂತೆ. ಊಟ ಮಾತ್ರ ಹಿತ್ತಲ ಜಗಲಿಯಲ್ಲಿ. ಅವರ ತಟ್ಟೆ, ಲೋಟ ಹೊರಗಿನ ಗೋಡೆಯ ಗೂಡಿನಲ್ಲಿರುತ್ತಿದ್ದವು; ಅವರೇ ತೊಳೆದು ಕವುಚಿಡಬೇಕು. ಅಮ್ಮ ಇಂದಿಗೂ "ಮನೆಯವರ ಹಾಗೇ ಇದ್ದರು" ಎನ್ನುತ್ತಾರೆ. ಇದನ್ನು ನಾನು ಬರೆಯಬಹುದೇ? ಮಿಸಿಸಿಪ್ಪಿಯ ಜೊತೆಗೆ ಇಟ್ಟು ನೋಡುವುದು ಸರಿಯೇ?

ಚಿಕ್ಕಮಗಳೂರಿನ ಇತಿಹಾಸದ ಮೇಷ್ಟ್ರು:

ಜೊತೆಗಿಟ್ಟು ನೋಡಿ, ಒಂದೇ ಎಂದು ಬರೆಯಬೇಡಿ. ಅಲ್ಲಿ ಕಾನೂನೇ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಕೂರಿಸಿತ್ತು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದಕ್ಕೆ ಮುದ್ರೆ ಒತ್ತಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯವರೆಗೂ ಹೋಟೆಲು, ಸಿನಿಮಾ ಮಂದಿರಗಳಲ್ಲಿ ಅದು ನಡೆಯಿತು. ಇಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ, 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವೆಂದು ಕಾಯ್ದೆಯೂ ಬಂದ ಮೇಲೆ ನಿಮ್ಮ ಮನೆಯ ಗೂಡಿನಲ್ಲಿ ಆ ತಟ್ಟೆ ಇತ್ತು. ಈ ವ್ಯತ್ಯಾಸ ನಿಮ್ಮ ಕಾದಂಬರಿಯಲ್ಲಿ ಕಾಣಬೇಕು.

ಇನ್ನೊಂದು ಸಂಗತಿ. ಲೂಯಿಸಿಯಾನದಲ್ಲಿ 1890ರಲ್ಲಿ ರೈಲಿನಲ್ಲಿ ಬಿಳಿಯರಿಗೆ, ಕಪ್ಪು ಜನರಿಗೆ ಬೇರೆ ಬೇರೆ ಬೋಗಿ ಎಂದು ಕಾನೂನು ಮಾಡಿದರು. ಅದರಲ್ಲೇ ಒಂದು ವಿನಾಯಿತಿ ಇತ್ತು: ಬೇರೆ ವರ್ಣದ ಮಗುವನ್ನು ನೋಡಿಕೊಳ್ಳುವ ದಾದಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಂಕುಳಲ್ಲಿ ಬಿಳಿಯರ ಮಗು ಇದ್ದರೆ ಅವಳು ಬಿಳಿಯರ ಬೋಗಿಯಲ್ಲಿ ಕೂರಬಹುದು. ಮಗುವನ್ನು ಮನೆಗೆ ಮುಟ್ಟಿಸಿ ಒಬ್ಬಳೇ ಮರಳುವಾಗ ಕೂರುವಂತಿಲ್ಲ. ಹತ್ತಿರ ಬರುವುದೇ ಅವರಿಗೆ ಸಹಿಸದಿದ್ದರೆ ಈ ವಿನಾಯಿತಿ ಹುಟ್ಟುತ್ತಲೇ ಇರಲಿಲ್ಲ. ಅವಳು ಆಳಾಗಿ ಹತ್ತಿರ ಬರಬಹುದಿತ್ತು, ಪ್ರಯಾಣಿಕಳಾಗಿ ಬರುವಂತಿರಲಿಲ್ಲ. ಜ್ವರದ ಹಾಸಿಗೆಯ ಪಕ್ಕಕ್ಕೂ ಹಿತ್ತಲ ಜಗಲಿಗೂ ನಡುವಿನ ದೂರ ಇದೇ ಅಲ್ಲವೇ?

ಅಲ್ಲಿನ ಹೆಂಗಸರು ಸುಮ್ಮನೆ ಸಹಿಸಿದರು ಎಂದೂ ತಿಳಿಯಬೇಡಿ. 1881ರಲ್ಲಿ ಅಟ್ಲಾಂಟಾದ ಬಟ್ಟೆ ಒಗೆಯುವ ಹೆಂಗಸರು ಇಪ್ಪತ್ತು ಜನ ಸೇರಿ ಕೂಲಿಗಾಗಿ ಸಂಘ ಕಟ್ಟಿದರು; ಕೆಲವೇ ವಾರಗಳಲ್ಲಿ ಅದು ಮೂರು ಸಾವಿರವಾಯಿತು. ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ, ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ 1955ರ ಡಿಸೆಂಬರಿನಿಂದ 381 ದಿನ ಬಸ್ ಬಹಿಷ್ಕಾರ ನಡೆದಾಗ, ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ತನ್ನಂಥವರನ್ನು ಸೇರಿಸಿಕೊಂಡು ಊಟ, ಸಿಹಿ ತಿಂಡಿ ಮಾರಿ ಚಳವಳಿಗೆ ಹಣ ಒದಗಿಸಿದರು. ಕೊಟ್ಟವರು ಯಾರೆಂದು ಗೊತ್ತಾದರೆ ಅವರ ಕೆಲಸ ಹೋಗುತ್ತಿತ್ತು, ಆದ್ದರಿಂದ ಹಣ ಎಲ್ಲಿಂದ ಬಂತೆಂದು ಯಾರೂ ಹೇಳುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ಅವರ ಕೆಲಸವೂ ಹೋಯಿತು. ಆಮೇಲೆ ತಮ್ಮ ಮನೆಯಲ್ಲೇ ಅಡುಗೆ ಮಾಡಿ ಮಾರಿದರು.

ಬೇಲೂರಿನಿಂದ:

ಎಲ್ಲ ಮನೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಅಜ್ಜಿ ಕೆಲಸದವರ ಮಗಳ ಮದುವೆಗೆ ಸೀರೆ, ತಾಳಿ, ಅಕ್ಕಿ ಎಲ್ಲ ಕೊಟ್ಟಿದ್ದರು. ಅವರ ಮಕ್ಕಳು ಈಗಲೂ ಹಬ್ಬಕ್ಕೆ ಬಂದು ನಮಸ್ಕರಿಸಿ ಹೋಗುತ್ತಾರೆ. ಪ್ರೀತಿ ಇತ್ತು ಎನ್ನುವುದೂ ನಿಜವೇ.

ಮೂಡಿಗೆರೆಯ ನಿವೃತ್ತ ಶಿಕ್ಷಕಿ:

ಬೇಲೂರಿನವರೇ, ನಿಮ್ಮ ಅಜ್ಜಿ ಕೊಟ್ಟದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಟ್ಟವರ ಮನೆಯಲ್ಲಿ ಅದು ಒಂದು ಬಗೆಯ ನೆನಪು, ಪಡೆದವರ ಮನೆಯಲ್ಲಿ ಇನ್ನೊಂದು ಬಗೆಯದು. ನಾನು ಎರಡನೆಯ ಮನೆಯವಳು.

ನಾವು ದಲಿತರು. ನನ್ನ ಅವ್ವ ಮೂಡಿಗೆರೆ ಕಡೆಯ ಒಂದು ತೋಟದ ಬಂಗಲೆಯಲ್ಲಿ ಕೆಲಸಕ್ಕಿದ್ದಳು. ಚೆಕ್‌ರೋಲಿನಲ್ಲಿ, ಅಂದರೆ ತೋಟದ ಹಾಜರಿ-ಕೂಲಿ ಪುಸ್ತಕದಲ್ಲಿ, ಅವಳ ಹೆಸರು ತೋಟದ ಹೆಣ್ಣಾಳುಗಳ ಸಾಲಿನಲ್ಲಿತ್ತು, ದುಡಿದದ್ದು ಒಳಮನೆಯಲ್ಲಿ. ಬೆಳಗಿನ ಜಾವ ಹಂಡೆಗೆ ಉರಿ ಹಾಕುವುದರಿಂದ ರಾತ್ರಿ ಊಟದ ಮೇಜು ಒರೆಸುವವರೆಗೆ ಅವಳ ಕೆಲಸ. ತೋಟದ ಹೆಂಗಸರು ಸಂಜೆ ಗಂಟೆ ಹೊಡೆದಾಗ ಬುಟ್ಟಿ ಇಳಿಸುತ್ತಿದ್ದರು. ಅವ್ವನಿಗೆ ಆ ಗಂಟೆ ಇರಲಿಲ್ಲ, ಕೂಲಿ ಮಾತ್ರ ಅವರಷ್ಟೇ. ಮನೆಯವರು ಬೇಸಿಗೆಗೆ ಬೆಂಗಳೂರಿಗೆ ಹೋದರೆ ಅವ್ವ ಮತ್ತೆ ಕಳೆ ತೆಗೆಯಲು ಹೋಗಬೇಕು. ಇದನ್ನು ಅವಳು ಸರಿಯಾಗಿ ಲೆಕ್ಕ ಇಟ್ಟಿದ್ದಳು. ಓದು ಬಾರದಿದ್ದರೂ ಬಟವಾಡೆಯ ದಿನ ತೋಟದ ಲೆಕ್ಕ ಬರೆಯುವ ರೈಟರು ಮುಂಗಡಕ್ಕೆ ಎಷ್ಟು ಮುರಿದುಕೊಂಡರು ಎನ್ನುವುದನ್ನು ಬಾಗಿಲ ಹಿಂದೆ ಇದ್ದಿಲಿನಿಂದ ಗೆರೆ ಎಳೆದು ಗುರುತಿಡುತ್ತಿದ್ದಳು.

ರಾತ್ರಿ ಬಂಗಲೆಯಿಂದ ಉಳಿದ ಅನ್ನ, ಸಾರು ಕೊಟ್ಟು ಕಳುಹಿಸುತ್ತಿದ್ದರು. ಅವ್ವ ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದಳು. ಲೈನಿಗೆ ಬಂದವಳೇ ಅದನ್ನು ನಾಯಿಗೆ ಸುರಿದು, ಪಾತ್ರೆ ಬೆಳಗಿಟ್ಟು, ನಮಗೆ ರಾಗಿ ರೊಟ್ಟಿ ತಟ್ಟುತ್ತಿದ್ದಳು. ಹಸಿವಿದ್ದ ದಿನವೂ ಹಾಗೆಯೇ. ಬೆಳಿಗ್ಗೆ ಅಮ್ಮನವರು ಕೇಳಿದರೆ "ಮಕ್ಕಳು ತಿಂದು ಸಂತೋಷಪಟ್ಟರು" ಎನ್ನುವಳು. ಆ ಮನೆಯವರು ಕಾದಂಬರಿ ಬರೆದಿದ್ದರೆ, ನಾವು ಸಂತೋಷಪಟ್ಟು ತಿಂದೆವು ಎಂದೇ ಇರುತ್ತಿತ್ತು. ಬೇಕೆಂದು ಸುಳ್ಳು ಬರೆದವರೇನೂ ಅಲ್ಲ, ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಅವ್ವನಿಗೆ ಮಾತ್ರ ಆ ಮನೆಯದೆಲ್ಲ ಗೊತ್ತಿತ್ತು. ಯಾವ ಸಾಹುಕಾರ ಸಾಲ ಕೇಳಲು ಬಂದ, ಸೊಸೆ ಏಕೆ ಉಪವಾಸ ಮಲಗಿದಳು, ದೊಡ್ಡವರು ಯಾರ ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಎಲ್ಲವೂ. ಲೈನಿನಲ್ಲಿ ಹೆಂಗಸರು ಕುಳಿತಾಗ ಅದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದಳು, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ತಂಗಿ, ನೀನು ಓದಿದ ಕಾದಂಬರಿಗಳಲ್ಲಿ ಕೆಲಸದವರು ಒಬ್ಬರೊಬ್ಬರಲ್ಲೇ ಮಾತಾಡಿಕೊಳ್ಳುವ ಇಂಥ ಪುಟಗಳು ಎಷ್ಟಿವೆ, ನೋಡು.

ಬರೆ, ಬೇಡವೆನ್ನುವುದಿಲ್ಲ. ಆದರೆ ಮೊದಲ ಅಧ್ಯಾಯ ಬರೆಯುವ ಮುಂಚೆ ಆ ಆಯಾಳ ಮಕ್ಕಳನ್ನು ಹುಡುಕಿ ಕೇಳು. ನಿನ್ನ ತಾಯಿಯ ನೆನಪನ್ನು ನಿನ್ನ ತಾಯಿಯ ನೆನಪೆಂದೇ ಬರೆ, ಆಯಾಳ ಮನಸ್ಸೆಂದು ಬರೆಯಬೇಡ.

ಸಕಲೇಶಪುರದ ಓದುಗಿ:

ಅಕ್ಕಾ, ಅವರ ಮಗನೊಬ್ಬ ಆಲೂರಿನಲ್ಲಿದ್ದಾರೆಂದು ಅಮ್ಮ ಹೇಳಿದರು. ಹೋಗಿ ಕೇಳುತ್ತೇನೆ. ಅವರು ಮಾತಾಡಲು ಒಪ್ಪದಿದ್ದರೆ? ನಮ್ಮ ಅಟ್ಟದಲ್ಲಿ ತೋಟದ ಹಳೆಯ ಲೆಕ್ಕದ ಪುಸ್ತಕಗಳಿವೆ, ಅವುಗಳಿಂದ ಏನಾದರೂ ತಿಳಿಯಬಹುದೇ?

ಮೂಡಿಗೆರೆಯ ನಿವೃತ್ತ ಶಿಕ್ಷಕಿ:

ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡು, ಒತ್ತಾಯಿಸಬೇಡ. ಪುಸ್ತಕಗಳನ್ನು ಇಳಿಸಿ ನೋಡು. ಹಾಜರಿಗಿಂತ ಮುಂಗಡದ ಕಲಂ ಮುಖ್ಯ: ಯಾವ ತಿಂಗಳು ಎಷ್ಟು ಸಾಲ, ಯಾತಕ್ಕೆ, ತೀರಿದ್ದು ಯಾವಾಗ. ಹೆರಿಗೆ, ಸಾವು, ಮದುವೆ ಎಲ್ಲ ಅಲ್ಲಿ ಸಾಲವಾಗಿಯೇ ದಾಖಲಾಗಿರುತ್ತದೆ. ನೋಡಿದ ಮೇಲೆ ಆಲೂರಿಗೆ ಹೋಗುವಾಗ ಆ ಪುಸ್ತಕವನ್ನೂ ಕೊಂಡೊಯ್ದು ಅವರಿಗೆ ತೋರಿಸು. ಅವರ ತಾಯಿಯ ಲೆಕ್ಕ ಅದು, ನೋಡುವ ಹಕ್ಕು ಅವರಿಗಿದೆ.