ಅಪ್‌ಡೇಟ್: ಡ್ರೋನ್ ಪೈಲಟ್ ಸರ್ಟಿಫಿಕೇಟ್ ಕೈಗೆ ಬಂತು

ಮನೇಲಿ ಕೂತು ಆನ್‌ಲೈನ್ ಕೋರ್ಸ್ ಮಾಡಿದ್ರೆ ಡ್ರೋನ್ ಪೈಲಟ್ ಆಗಬಹುದಾ, ಗದ್ದೆಗೆ ಔಷಧಿ ಹೊಡೆಯೋ ಕೆಲಸ ಹಿಡಿಯಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್ಟಿಫಿಕೇಟ್ ಸಿಕ್ಕಿದೆ, ಆದ್ರೆ ಆನ್‌ಲೈನ್ ಕೋರ್ಸಿಂದಲ್ಲ.

2021ರ ಡ್ರೋನ್ ನಿಯಮಗಳ ಪ್ರಕಾರ, ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕಂದ್ರೆ ಡಿಜಿಸಿಎ (ಕೇಂದ್ರದ ವಿಮಾನಯಾನ ನಿರ್ದೇಶನಾಲಯ) ಅನುಮತಿ ಇರೋ ತರಬೇತಿ ಸಂಸ್ಥೆಯಲ್ಲಿ ಕಲಿತು, ಅಲ್ಲೇ ಹಾರಿಸಿ ಪಾಸಾಗಬೇಕು. ಎಸ್ಸೆಸ್ಸೆಲ್ಸಿ ಆಗಿರಬೇಕು, ವಯಸ್ಸು 18ರಿಂದ 65ರೊಳಗೆ.

ಹಾಗಂತ ಆನ್‌ಲೈನ್ ಪಾಠ ದಂಡ ಅಲ್ಲ. ಡ್ರೋನ್ ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಅಂತ ಹೇಳೋ ಕೆಂಪು, ಹಳದಿ, ಹಸಿರು ವಲಯ, ಹಸಿರಲ್ಲಿ 400 ಅಡಿ ಎತ್ತರದ ಮಿತಿ, ಬ್ಯಾಟರಿ ಜೋಪಾನ, ಇವೆಲ್ಲ ಮೊದಲೇ ಓದಿದ್ದರಿಂದ ಥಿಯರಿ ಸಲೀಸಾಯ್ತು.

ಬೆವರಿಳಿಸಿದ್ದು ಮೈದಾನ. ಡ್ರೋನ್ ಮೂತಿ ನಮ್ಮ ಕಡೆ ತಿರುಗಿದ ಕೂಡಲೇ ಎಡ ಬಲ ಅದಲು ಬದಲು. ರಿಮೋಟಿನ ಕಡ್ಡಿ ಬಲಕ್ಕೆ ತಳ್ಳಿದ್ರೆ ಅದು ನಮ್ಮ ಎಡಕ್ಕೆ ಹೋಗುತ್ತೆ. ಜಿಪಿಎಸ್ ಆಫ್ ಮಾಡಿಸಿದಾಗಂತೂ ನಿಂತಲ್ಲಿ ನಿಲ್ಲದೆ ಗಾಳಿ ಬೀಸಿದ ಕಡೆ ಜಾರ್ತಾ ಇರುತ್ತೆ, ಕ್ಷಣಕ್ಷಣಕ್ಕೂ ಬೆರಳಲ್ಲೇ ಹಿಡಿದಿಡಬೇಕು. ಇದನ್ನು ಯಾವ ವಿಡಿಯೋನೂ ಕಲಿಸಲ್ಲ.

ಔಷಧಿ ಹೊಡೆಯೋ ಆಸೆ ಇರೋರು ಫೀಸ್ ಕಟ್ಟೋ ಮುಂಚೆ ಯಾವ ವರ್ಗದ ತರಬೇತಿ ಅಂತ ದಯವಿಟ್ಟು ಕೇಳಿ. 2 ಕೆಜಿಗಿಂತ ಹೆಚ್ಚು, 25 ಕೆಜಿವರೆಗಿನದು 'ಸ್ಮಾಲ್' ವರ್ಗ, 10 ಲೀಟರಿನ ಸ್ಪ್ರೇ ಡ್ರೋನ್‌ಗಳು ಸಾಮಾನ್ಯವಾಗಿ ಇದರಲ್ಲೇ ಬರ್ತವೆ. 2 ಕೆಜಿವರೆಗಿನ 'ಮೈಕ್ರೋ' ವರ್ಗದ ಸರ್ಟಿಫಿಕೇಟ್ ಇದಕ್ಕೆ ನಡೆಯಲ್ಲ.

ಸದ್ಯ ಗಂಗಾವತಿ ಕಡೆ ಭತ್ತಕ್ಕೆ ಹೊಡೆಯೋ ಒಬ್ಬರ ಜೊತೆ ಸೇರ್ಕೊಂಡಿದೀನಿ. ಸಾಲ ಮಾಡಿ ಸ್ವಂತ ಡ್ರೋನ್ ತಗೊಳ್ಳೋ ಮಾತು ಆಮೇಲೆ.