ಇಳಿಯೋಕೆ ಎಲ್ಲರೂ, ಏರೋಕೆ ಯಾರು?

ಬೀದರ್ ಊರು ಸಮುದ್ರಮಟ್ಟದಿಂದ ಸುಮಾರು 2200 ಅಡಿ ಮೇಲಿದೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ದೊಡ್ಡ ದಿಬ್ಬ, ಅದರ ಅಂಚಿಗೆ ಊರು. ಹಾಗಾಗಿ ಸೈಕಲ್ ಹತ್ತಿ ಯಾವ ಕಡೆ ಹೊರಟರೂ ಸ್ವಲ್ಪ ದೂರಕ್ಕೆ ಇಳಿಜಾರು ಸಿಗುತ್ತದೆ. ಬೆಳಿಗ್ಗೆ ಆರಕ್ಕೆ ಎಲ್ಲರೂ ಶೂರರು. ಹನ್ನೊಂದಕ್ಕೆ ಅದೇ ಶೂರರು ಬೇವಿನ ಮರದ ಕೆಳಗೆ ಕೂತು, ಮನೆಯಲ್ಲಿ ಬೈಕ್ ಯಾರ ಹತ್ತಿರ ಇದೆ ಎಂದು ಫೋನಿನಲ್ಲಿ ವಿಚಾರಿಸುತ್ತಿರುತ್ತಾರೆ.

ಇದೆಲ್ಲ ಗೊತ್ತಿದ್ದೂ ನೌಬಾದಿನ ಚಹಾ ಅಂಗಡಿಯಲ್ಲಿ ಶನಿವಾರ ಸಂಜೆ ‘ನಾಳೆ ಯಾವ ಕಡೆ’ ಎಂಬ ಜಗಳ ತಪ್ಪುವುದಿಲ್ಲ.

‘ಅಷ್ಟೂರಿಗೆ ಹೋಗೋಣ’ ಎಂದರು ಮಾಸ್ತರರು.

‘ಅಷ್ಟೂರು ಮೂರ್ನಾಲ್ಕು ಕಿಲೋಮೀಟರ್ ಮಾಸ್ತರ್’ ಎಂದರು ವಕೀಲ್ ಸಾಬ್. ‘ಅಷ್ಟಕ್ಕೆ ಹೆಲ್ಮೆಟ್, ಗ್ಲೌಸ್, ಆ ಮೆತ್ತೆ ಹೊಲಿದ ಚಡ್ಡಿ, ಇಷ್ಟೆಲ್ಲ ಹಾಕ್ಕೊಂಡು ಬರೋಕೆ ನಮಗೇನು ಹುಚ್ಚಾ?’

‘ದೂರ ಯಾಕ್ರಿ ಬೇಕು? ದಾರಿಯಲ್ಲಿ ಚೌಖಂಡಿ ಇದೆ, ಸೂಫಿ ಸಂತರ ಗೋರಿ. ಮುಂದೆ ಸಾಲಾಗಿ ಬಹಮನಿ ಸುಲ್ತಾನರ ಗುಮ್ಮಟಗಳು. ಅಹ್ಮದ್ ಶಾನ ಗೋರಿಯೊಳಗೆ ಹೋಗಿ ತಲೆ ಎತ್ತಿದರೆ ಛಾವಣಿ ತುಂಬ ಬಣ್ಣದ ಚಿತ್ತಾರ. ಬೆಂಗಳೂರಿನವರು ಇದನ್ನು ನೋಡೋಕೆ ರಾತ್ರಿ ಎಲ್ಲಾ ಬಸ್ಸಿನಲ್ಲಿ ಕೂತು ಬರ್ತಾರೆ.’

‘ಅವರು ಬಸ್ಸಿನಲ್ಲಿ ಬರ್ತಾರೆ. ಅದೇ ನಾನು ಹೇಳೋದು.’

ಮಾಸ್ತರರು ಬಿಡಲಿಲ್ಲ. ‘ಉರುಸಿಗೆ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ನಡೆದುಕೊಂಡು ಬರ್ತಾರೆ. ನಡೆದುಕೊಂಡು! ಹಿಂದೂಗಳಿಗೆ ಆ ಸುಲ್ತಾನ ಅಲ್ಲಮಪ್ರಭು, ಮುಸ್ಲಿಮರಿಗೆ ವಲಿ. ಜಂಗಮರು ಕಾಲಲ್ಲಿ ಬರ್ತಾರೆ. ನಿಮಗೆ ಇಪ್ಪತ್ತೆರಡು ಗೇರ್ ಇದ್ದೂ ಅಳು.’

ವಕೀಲ್ ಸಾಬ್ ಚಹಾ ಸಾಸರಿಗೆ ಸುರಿದುಕೊಂಡರು. ಉತ್ತರ ಇಲ್ಲದಾಗ ಅವರು ಮಾಡುವುದು ಅದನ್ನೇ.

ಈಗ ಯಾದಗಿರಿ ಅಳಿಯಂದಿರ ಸರದಿ. ಹೆಂಡತಿ ಬೀದರಿನವಳು, ನೌಕರಿ ಬೀದರಿನಲ್ಲಿ, ಮನಸ್ಸು ಮಾತ್ರ ಯಾದಗಿರಿಯಲ್ಲಿ. ‘ನಮ್ಮ ಕಡೆ ಬರ್ರಿ ಒಮ್ಮೆ. ಗುಡ್ಡ ಅಂದರೆ ಗುಡ್ಡ, ಎದುರಿಗೆ ಕಾಣುತ್ತದೆ. ಶಹಾಪುರದಲ್ಲಿ ರಸ್ತೆಯಿಂದಲೇ ನೋಡಿದರೆ ಬುದ್ಧ ಮಲಗಿದ ಹಾಗೆ ಬೆಟ್ಟದ ಸಾಲು. ರಸ್ತೆ ಬೆಟ್ಟದ ಪಾದದಲ್ಲೇ ಹೋಗುತ್ತದೆ. ಬೆಟ್ಟ ನೋಡೋದು ಪುಕ್ಕಟೆ, ಹತ್ತೋದು ಇಷ್ಟ ಇದ್ದವರಿಗೆ. ನಿಮ್ಮ ಬೀದರಿನವರು ಗುಡ್ಡದ ಮೇಲೇ ಊರು ಕಟ್ಟಿ, ಗುಡ್ಡ ಎಲ್ಲಿದೆ ಅಂತ ಹುಡುಕ್ತೀರಿ.’

ಮಾತು ಸುಳ್ಳಲ್ಲ, ಅದಕ್ಕೇ ಯಾರಿಗೂ ಹಿಡಿಸಲಿಲ್ಲ. ಗುರುಮಠಕಲ್ ಹತ್ತಿರದ ನಜರಾಪುರ ಜಲಪಾತದ ಕಥೆಗೆ ಅವರು ಬರುವಷ್ಟರಲ್ಲಿ ಅಂಗಡಿಯವ ಮಿರ್ಚಿ ಭಜಿ ತಂದಿಟ್ಟ. ಜಲಪಾತ ಅಲ್ಲಿಗೇ ನಿಂತಿತು.

ಮೆಡಿಕಲ್ ಅಣ್ಣನ ಸೈಕಲ್ ಕಾರ್ಬನ್ನಿನದು. ಒಂದೇ ಬೆರಳಲ್ಲಿ ಎತ್ತಿ ತೋರಿಸುತ್ತಾರೆ. ಯಾರೂ ಕೇಳದಿದ್ದರೂ ತೋರಿಸುತ್ತಾರೆ. ‘ಸಪಾಟು ರಸ್ತೆಯಲ್ಲಿ ನಿಮ್ಮ ವೈರಿ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಏರಿನಲ್ಲಿ ಹಂಗಲ್ಲ, ಅಲ್ಲಿ ತೂಕವೇ ವೈರಿ. ನೂರು ಮೀಟರಿಗೆ ಐದು ಮೀಟರ್ ಏರಿದರೂ ಸಾಕು, ಒಂದೊಂದು ಕಿಲೋನೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಹಗುರ ಸೈಕಲ್.’

‘ಅಣ್ಣಾ, ನಿಮ್ಮ ಅಂಗಡಿ ಮುಂದೆ ತೂಕದ ಮಷಿನ್ ಇದೆಯಲ್ಲ, ಅದರ ಮೇಲೆ ನೀವು ನಿಂತಿದ್ದು ಯಾರಾದರೂ ನೋಡಿದ್ದಾರಾ?’ ಎಂದು ವಕೀಲ್ ಸಾಬ್ ಕೇಳಿದರು. ಸಾಸರ್ ಖಾಲಿಯಾಗಿತ್ತು, ಅವರಿಗೆ ಮತ್ತೆ ಶಕ್ತಿ ಬಂದಿತ್ತು.

ಅಣ್ಣ ಕೇಳಿಸದವರ ಹಾಗೆ ಮುಂದುವರಿದರು. ‘ಹೋದ ಭಾನುವಾರ ನಾನೊಬ್ಬನೇ ಮಾಂಜ್ರಾ ಸೇತುವೆ ತನಕ ಹೋಗಿ ಬಂದೆ. ಆರಾಮ.’

ಮಾಸ್ತರರು ಎದ್ದರು. ಹೊರಗೆ ನಿಲ್ಲಿಸಿದ್ದ ಕಾರ್ಬನ್ ಸೈಕಲ್ ಹತ್ತಿರ ಹೋಗಿ, ಕನ್ನಡಕ ಹಣೆಗೆ ಏರಿಸಿ, ಬಗ್ಗಿ ಟೈರ್ ನೋಡಿದರು. ಉಗುರಿನಿಂದ ಸ್ವಲ್ಪ ಕೆರೆದರು. ವಾಪಸ್ ಬಂದು ಕೂತು ಹೇಳಿದರು: ‘ಕೆಂಪು.’

‘ಏನು ಕೆಂಪು?’

‘ಮಣ್ಣು. ಬೀದರಿನ ದಿಬ್ಬದ ಮೇಲೆ ಇರೋದು ಕೆಂಪು ಮಣ್ಣು. ಕೆಳಗಿಳಿದರೆ ಎರೆ, ಕಪ್ಪು. ಮಾಂಜ್ರಾ ದಂಡೆಗೆ ಹೋದವನ ಟೈರಿಗೆ ಒಂದು ಚಿಟಿಕೆ ಆದರೂ ಕಪ್ಪು ಇರಬೇಕು. ನೀವು ದಿಬ್ಬ ಬಿಟ್ಟು ಇಳಿದೇ ಇಲ್ಲ ಅಣ್ಣಾ. ಇಲ್ಲೇ ಸುತ್ತು ಹಾಕಿ ಮನೆಗೆ ಹೋಗಿದ್ದೀರಿ.’

ಇಡೀ ಅಂಗಡಿ ನಕ್ಕಿತು. ಅಣ್ಣ ‘ತೊಳೆದಿದ್ದೆ’ ಎಂದರು. ಕಪ್ಪು ಮಾತ್ರ ತೊಳೆದು ಕೆಂಪು ಬಿಡುವ ಸೋಪು ಯಾವುದು ಎಂದು ವಕೀಲ್ ಸಾಬ್ ಪಾಟೀಸವಾಲು ಹಾಕಿದರು.

ಮಾಸ್ತರರಿಗೆ ಈಗ ಭೂಗೋಳದ ಹುಮ್ಮಸ್ಸು. ಕೆಂಪು ಕಲ್ಲಿನಲ್ಲಿ ತೂತು ಜಾಸ್ತಿ, ಮಳೆ ನೀರು ಒಳಗೆ ಇಳಿಯುತ್ತದೆ. ಅಡಿಯ ಕರಿ ಕಲ್ಲು ಸುಲಭಕ್ಕೆ ಬಿಡುವುದಿಲ್ಲ. ಆ ನೀರು ದಿಬ್ಬದ ಅಂಚಿಗೆ ಬಂದು ಝರಿಯಾಗಿ ಹೊರಬೀಳುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯುತ್ತೇವಲ್ಲ, ಅದೂ, ಗುರುನಾನಕ್ ಝೀರಾದ ನೀರೂ ಇದೇ ಲೆಕ್ಕ. ‘ನೌಬಾದಿನ ಸುರಂಗ ಬಾವಿಯನ್ನೇ ನೋಡ್ರಿ. ಬಹಮನಿ ಕಾಲದವರು ಈ ಕಲ್ಲು ಕೊರೆದು, ನೀರು ತಾನಾಗಿ ಇಳಿಯುವ ಹಾಗೆ ನೆಲದಡಿ ಕಾಲುವೆ ಮಾಡಿದರು. ಪಂಪು ಇಲ್ಲ, ಏನಿಲ್ಲ.’

‘ನೀರಿಗೇ ಬುದ್ಧಿ ಇದೆ. ಇಳಿಯುತ್ತದೆ, ವಾಪಸ್ ಏರೋದಿಲ್ಲ’ ಎಂದರು ಅಳಿಯಂದಿರು.

ನನ್ನನ್ನು ಕೇಳಿದರೆ ಈ ಭಾಗದಲ್ಲಿ ಸೈಕಲ್‌ಗೆ ಚಿಂಚೋಳಿಯಂಥ ದಾರಿ ಇಲ್ಲ. ಮನ್ನಾಎಖೆಳ್ಳಿ ದಾಟಿ ಆ ಕಡೆ ಹೋದರೆ ಕಾಡು ಶುರು. 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಣೆಯಾದ ಕಾಡು ಅದು. ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ತಾಂಡಾಗಳು ಬರುತ್ತವೆ. ಚಂದ್ರಂಪಳ್ಳಿ ಕೆರೆ ಗುಡ್ಡಗಳ ನಡುವೆ ತಟ್ಟನೆ ಎದುರಾಗುತ್ತದೆ. ತೊಗರಿಯ ನಾಡು ಬರೀ ಬಯಲು ಎಂದುಕೊಂಡವರು ಅಲ್ಲಿ ಒಮ್ಮೆ ಪೆಡಲ್ ತುಳಿಯಬೇಕು. ಇದನ್ನು ಹೇಳಿದೆ. ‘ಹೋಗಿ ಬರೋಕೆ ನೂರು ದಾಟುತ್ತದೆ, ಮಕ್ಕಳು ಚಿಕ್ಕವರು’ ಎಂದರು ವಕೀಲ್ ಸಾಬ್. ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

‘ಕಾರಂಜಾ ಡ್ಯಾಮ್?’

‘ಭಾಲ್ಕಿ ರೋಡಿಗೆ ಈಗ ಬೇಡವೇ ಬೇಡ’ ಎಂದರು ಎಲ್ಲರೂ. ಕಬ್ಬಿನ ಸೀಸನ್. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಲೈಟ್ ಇಲ್ಲ, ಮುಂದೆ ಹಾಡು ಮಾತ್ರ ಜೋರು. ಒಳರಸ್ತೆ ಹಿಡಿದರೆ ಅಲ್ಲಿ ರಾಶಿ. ಗಾಡಿ ಹಾಯ್ದು ಕಾಳು ಬಿಡಲಿ ಎಂದು ತೊಗರಿ ಕಟ್ಟನ್ನು ಡಾಂಬರಿನ ಮೇಲೇ ಹರಡಿರುತ್ತಾರೆ. ಕಾರು ಹಾಯ್ದರೆ ಕಾಳು ಬಿಡುತ್ತದೆ. ಸೈಕಲ್ ಹಾಯ್ದರೆ ಸೈಕಲ್ಲಿನವನೇ ಬೀಳುತ್ತಾನೆ. ಮೊನ್ನೆ ಅಳಿಯಂದಿರು ಪಕ್ಕಕ್ಕೆ ಸರಿದು ಹೋಗುತ್ತಿದ್ದರೆ ಮುತ್ಯಾ ಒಬ್ಬ ಬೈದನಂತೆ: ‘ಅಂಚಿನಾಗ ಯಾಕ್ ಹೊಂಟಿ? ನಡು ಹಾಯಿ, ನಾಲ್ಕು ಕಾಳರ ಬೀಳ್ತಾವ.’

ಪಂಕ್ಚರ್ ಕಥೆ ಇನ್ನೊಂದು. ಹೊಲದ ಬದುವಿನ ಜಾಲಿ ಮುಳ್ಳಿಗೆ ಕಾರ್ಬನ್ ಗೊತ್ತಿಲ್ಲ, ಕಬ್ಬಿಣ ಗೊತ್ತಿಲ್ಲ. ಅಣ್ಣನ ಟೈರ್ ಒಮ್ಮೆ ಹಳ್ಳಿಯೊಂದರ ಹತ್ತಿರ ಕೂತುಬಿಟ್ಟಿತು. ಪಂಕ್ಚರ್ ಅಂಗಡಿಯವ ಟ್ಯೂಬಿಗೆ ಚೆಂದ ಪ್ಯಾಚ್ ಹಾಕಿದ. ಗಾಳಿ ತುಂಬೋಕೆ ಹೋದರೆ ವಾಲ್ವ್ ಪೆನ್ನಿನ ರೀಫಿಲ್ ಹಾಗೆ ಸಣ್ಣ. ಪ್ರೆಸ್ಟಾ ವಾಲ್ವ್ ಅದು, ತುದಿಯ ಪುಟ್ಟ ತಿರುಪು ಸಡಿಲಿಸದೆ ಗಾಳಿ ಹೋಗುವುದಿಲ್ಲ. ಅವನ ಕಂಪ್ರೆಸರ್ ಪೈಪಿನ ಬಾಯಿ ದೊಡ್ಡದು. ಸುತ್ತ ಬಟ್ಟೆ ಸುತ್ತಿ ಒತ್ತಿದ. ಬುಸ್ ಎಂದು ಅಷ್ಟೂ ಹೊರಗೆ. ‘ಇದಕ್ಕೆ ಎಷ್ಟು ಕೊಟ್ರಿ?’ ಎಂದು ಕೇಳಿದ. ಅಣ್ಣ ನಿಜವಾದ ಬೆಲೆಯಲ್ಲಿ ಅರ್ಧ ಕಡಿಮೆ ಮಾಡಿ ಹೇಳಿದರು. ಅವನು ಪೈಪು ಕೆಳಗಿಟ್ಟು, ‘ಅಷ್ಟು ರೊಕ್ಕಕ್ಕೆ ವಾಲ್ವ್ ಪೂರ್ತಿ ಕೊಡಬೇಕಿತ್ತು’ ಎಂದ.

ಈ ನಗುವಿನ ನಡುವೆ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ವಿಮಾನಗಳ ಮಾತು ಬಂತು. ಅವರ ಠಾಣೆ ಬೀದರಿನ ವಾಯುನೆಲೆಯೇ ಅಲ್ವಾ, ಅಭ್ಯಾಸವೂ ನಮ್ಮ ತಲೆಯ ಮೇಲೆ. ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ಹತ್ತಿಸಿಕೊಂಡು ಹೋಗುತ್ತವೆ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋದರೆ ಹಿಂದಿನವನಿಗೆ ಗಾಳಿಯ ಹೊಡೆತ ಎಷ್ಟೋ ತಪ್ಪುತ್ತದೆ ಎಂದು ಅಣ್ಣ ನಮಗೂ ಕಲಿಸಲು ನೋಡಿದ್ದಾರೆ. ಕಲಿತದ್ದು ವಕೀಲ್ ಸಾಬ್ ಒಬ್ಬರೇ. ಅವರು ಹಿಂದೆ ಅಂಟಿಕೊಂಡವರು ಇವತ್ತಿನ ತನಕ ಮುಂದೆ ಬಂದಿಲ್ಲ.

‘ಎಳ್ಳ ಅಮಾವಾಸ್ಯೆಗೆ ಹೋದರೆ ಹೇಗೆ?’ ಎಂದೆ.

‘ಅವತ್ತು ದಾರಿ ಸಾಗೋದಿಲ್ಲ’ ಎಂದರು ಮಾಸ್ತರರು ಗಂಭೀರವಾಗಿ. ‘ಎಲ್ಲರೂ ಹೊಲದಲ್ಲಿ ಇರ್ತಾರೆ. ಚರಗ ಚೆಲ್ಲಿ, ಊಟಕ್ಕೆ ಕೂತು, ರಸ್ತೆಯಲ್ಲಿ ಹೋಗೋರನ್ನು ಕರೀತಾರೆ. ಮೊದಲ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ. ಎರಡನೇ ಹೊಲದಲ್ಲಿ ಮತ್ತೆ ಭಜ್ಜಿ, ಮೇಲೆ ಅಂಬಲಿ. ಒಲ್ಲೆ ಅಂದರೆ ಸಿಟ್ಟು. ಮೂರನೇ ಹೊಲದಲ್ಲಿ ನಿಮ್ಮನ್ನು ಮಲಗಿಸಬೇಕಾಗುತ್ತದೆ.’

ಇಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದವನು ಜನವಾಡದ ತಮ್ಮ. ಅವನ ಊರು ಕೆಳಗೆ, ಔರಾದ್ ದಾರಿಯಲ್ಲಿ. ನಮ್ಮ ಜೊತೆ ಸೇರೋಕೆ ಅವನು ಮೊದಲು ಏರಿ ಬರಬೇಕು, ಮನೆಗೆ ಹೋಗುವಾಗ ಇಳಿಜಾರು. ಅದಕ್ಕೇ ಇರಬೇಕು, ಅವನು ಯಾವ ದಾರಿಗೂ ತಕರಾರು ಮಾಡುವುದಿಲ್ಲ.

‘ನಾಳೆ ನಮ್ಮೂರಿಗೇ ಬರ್ರಿ’ ಎಂದ. ‘ಅವ್ವ ಸುಸಲಾ ಮಾಡ್ತಾಳೆ. ಹೊಳೆ ನೋಡಿಕೊಂಡು ಬರೋಣ. ಹತ್ತೂವರೆಗೆ ನಮ್ಮ ಟೆಂಪೋ ದನದ ಹಿಂಡಿ ತರೋಕೆ ಬೀದರಿಗೆ ಖಾಲಿ ಬರ್ತದೆ.’

ಖಾಲಿ ಎಂಬ ಮಾತು ಎಲ್ಲರಿಗೂ ಒಟ್ಟಿಗೆ ಕೇಳಿಸಿತು.

‘ಬಾಡಿಗೆ?’ ಎಂದರು ಅಳಿಯಂದಿರು.

‘ಸೈಕಲ್ ಪುಕ್ಕಟೆ. ಮನುಷ್ಯರಿಗೆ ತೂಕದ ಮೇಲೆ.’

ಮೆಡಿಕಲ್ ಅಣ್ಣ ಮಾತ್ರ, ತಾನು ತುಳಿದುಕೊಂಡೇ ಬರುತ್ತೇನೆ ಎಂದರು. ಯಾರೂ ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಟೆಂಪೋದಲ್ಲಿ ಎಷ್ಟು ಸೈಕಲ್ ಹಿಡಿಯುತ್ತವೆ?’ ಎಂದು ಕೇಳಿದರು.

‘ತಾಡಪತ್ರಿ ಇದೆಯೇನಪಾ?’ ಎಂದರು ವಕೀಲ್ ಸಾಬ್. ‘ಊರೊಳಗೆ ಬರುವಾಗ ಹೊದ್ದುಕೊಳ್ಳೋಕೆ.’

‘ಇದೆ ಸಾಬ್. ಉಳ್ಳಾಗಡ್ಡಿ ವಾಸನೆ ಬರ್ತದೆ.’

‘ಬರಲಿ. ಮತ್ತೆ, ಯಾರೂ ಟೈರ್ ತೊಳೀಬೇಡ್ರಿ. ಆ ಕಪ್ಪು ಮಣ್ಣು ಸೋಮವಾರದ ತನಕ ಹಂಗೇ ಇರಬೇಕು.’